ಉಪ್ಪಾಗೆ ಸಾರದ ಪೇಟೆಂಟುಗಳು

ಪಶ್ಚಿಮಘಟ್ಟದ ನಿತ್ಯಹರಿದ್ವರ್ಣ ಕಾಡುಗಳಲ್ಲಿ ಬೆಳೆಯುವ ಉಪ್ಪಾಗೆ ಮರದ ಹಣ್ಣಿನ ಸಿಪ್ಪೆಯಲ್ಲಿ ಹೈಡ್ರಾಕ್ಸಿಸಿಟ್ರಿಕ್ ಆಮ್ಲವೆಂಬ ಹುಳಿಯಿದೆ. ಈ ಆಮ್ಲದ ಬಳಕೆ, ಅದರ ಲವಣಗಳು ಹಾಗೂ ಅವುಗಳ ತಯಾರಿಕಾ ವಿಧಾನಗಳ ಮೇಲೆ 1970ರ ದಶಕದಿಂದ ಮುಖ್ಯವಾಗಿ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಮಂಜೂರಾದ ಏಕಸ್ವಾಮ್ಯ ಹಕ್ಕುಗಳನ್ನು ಒಟ್ಟಾಗಿ ಉಪ್ಪಾಗೆ ಸಾರದ ಪೇಟೆಂಟುಗಳು ಎನ್ನಬಹುದು. ಆಮ್ಲವನ್ನು ಮೊದಲು ಸರಿಯಾಗಿ ಗುರುತಿಸಿದ್ದು ಮೈಸೂರಿನ ಪ್ರಯೋಗಾಲಯ. ಅದರ ಬಳಕೆಯ ಮೇಲೆ ಹಕ್ಕು ಪಡೆದದ್ದು ಅಮೆರಿಕದ ಸಂಶೋಧಕರು. ಹಣ್ಣು ಹೋದದ್ದು ಉತ್ತರ ಕನ್ನಡ ಮತ್ತು ಶಿವಮೊಗ್ಗ ಜಿಲ್ಲೆಗಳೂ ಸೇರಿದಂತೆ ಪಶ್ಚಿಮಘಟ್ಟದ ಕಾಡುಗಳಿಂದ. ಸಸ್ಯಸಾರಗಳ ಪೇಟೆಂಟಿನಲ್ಲಿ ಯಾವುದು ಹಕ್ಕಾಗುತ್ತದೆ, ಯಾವುದು ಹಕ್ಕಾಗುವುದಿಲ್ಲ ಎಂಬುದನ್ನು ತಿಳಿಯಲು ಕರ್ನಾಟಕದ ಮಟ್ಟಿಗೆ ಇದಕ್ಕಿಂತ ಒಳ್ಳೆಯ ನಿದರ್ಶನ ದೊರೆಯುವುದು ಕಷ್ಟ.

ಮರ ಮತ್ತು ಅದರ ನೆಲೆ

ಉಪ್ಪಾಗೆಯ ಸಸ್ಯಶಾಸ್ತ್ರೀಯ ಹೆಸರು ಗಾರ್ಸೀನಿಯ ಗಮ್ಮಿ-ಗುಟ್ಟ. ಗಾರ್ಸೀನಿಯ ಕ್ಯಾಂಬೋಜಿಯ ಎಂಬ ಹಳೆಯ ಹೆಸರೇ ಮಾರುಕಟ್ಟೆಯಲ್ಲಿ ಇಂದಿಗೂ ಚಲಾವಣೆಯಲ್ಲಿದೆ. ಇದು ಮುರುಗಲು ಮರದ ಹತ್ತಿರದ ಸಂಬಂಧಿ. ಕೇರಳದ ಕುಡಂಪುಳಿ ಇದೇ. ಕೊಡಗಿನಲ್ಲಿ ಹಂದಿಮಾಂಸದ ಅಡುಗೆಗೆ ಬಳಸುವ ಕಪ್ಪು ಬಣ್ಣದ ಕಾಚಂಪುಳಿಯೂ ಈ ಹಣ್ಣಿನ ರಸವನ್ನು ಬತ್ತಿಸಿ ಮಾಡಿದ್ದೇ. ಹಣ್ಣು ನೋಡಲು ಪುಟ್ಟ ಕುಂಬಳಕಾಯಿಯಂತೆ. ಉದ್ದಕ್ಕೂ ಏಣುಗಳಿದ್ದು, ಮಾಗಿದಾಗ ಹಳದಿಯಾಗುತ್ತದೆ. ಗಂಡು ಮರ, ಹೆಣ್ಣು ಮರಗಳು ಸಾಮಾನ್ಯವಾಗಿ ಬೇರೆ ಬೇರೆ. ಬೀಜದಿಂದ ಎದ್ದ ಸಸಿ ಹೂ ಬಿಡುವವರೆಗೂ ಅದು ಯಾವುದೆಂದು ತಿಳಿಯುವುದಿಲ್ಲ.

ಹಣ್ಣು ಮಾಗುವ ಕಾಲವೇ ಇದರ ದೊಡ್ಡ ತೊಡಕು. ಜೂನ್‌ನಿಂದ ಆಗಸ್ಟ್‌ವರೆಗೆ, ಮಲೆನಾಡಿನಲ್ಲಿ ಮಳೆ ಹಿಡಿದಿರುವಾಗ ಹಣ್ಣು ಉದುರುತ್ತದೆ. ಬಿಸಿಲಿಲ್ಲದ ಕಾರಣ ಸಿಪ್ಪೆಯನ್ನು ಬೆಂಕಿಯ ಮೇಲೆ ಅಟ್ಟ ಕಟ್ಟಿ ಒಣಗಿಸಬೇಕು. ಒಣಗಿದ ಸಿಪ್ಪೆ ಕಪ್ಪಾಗಿ, ಹೊಗೆಯ ವಾಸನೆ ಹೊತ್ತು, ವರ್ಷಗಟ್ಟಲೆ ಕೆಡದೆ ಉಳಿಯುತ್ತದೆ. ಮನೆಗಳಲ್ಲಿ ಇದನ್ನು ಹುಣಿಸೆಯ ಬದಲು ಹುಳಿಗೆ ಬಳಸುತ್ತಾರೆ. ಕರಾವಳಿಯಲ್ಲಿ ಉಪ್ಪಿನೊಂದಿಗೆ ಈ ಸಿಪ್ಪೆಯನ್ನು ಸೇರಿಸಿ ಮೀನನ್ನು ಕೆಡದಂತೆ ಇಡುವ ‘ಕೊಲಂಬೊ’ ಪದ್ಧತಿಯೂ ಇತ್ತು. ಬೀಜವೂ ವ್ಯರ್ಥವಲ್ಲ. ಒಣಗಿಸಿ, ಕುಟ್ಟಿ, ನೀರಿನಲ್ಲಿ ಕುದಿಸಿದರೆ ಮೇಲೆ ತೇಲುವ ಕೊಬ್ಬು ಆರಿದಾಗ ಗಟ್ಟಿಯಾಗುತ್ತದೆ. ಅದೇ ಉಪ್ಪಾಗೆ ತುಪ್ಪ. ಅಡುಗೆಗೂ, ಒಡೆದ ಹಿಮ್ಮಡಿಗೆ ಹಚ್ಚಲೂ ಅದು ಒದಗುತ್ತದೆ.

ಸೊರಬ ತಾಲ್ಲೂಕಿನ ಪಶ್ಚಿಮ ಭಾಗದಲ್ಲಿ ಇಂಥ ಮರಗಳ ಸಹಜ ನೆಲೆ ‘ಕಾನು’ಗಳು. ಸುತ್ತಲಿನ ಎಲೆಯುದುರುವ ಕಾಡು ಹಾಗೂ ಗದ್ದೆಗಳ ನಡುವೆ ದ್ವೀಪಗಳಂತೆ ಉಳಿದ, ದೇವರ ಹೆಸರಿನಲ್ಲಿ ಕಾಪಾಡಿಕೊಂಡು ಬಂದ ದಟ್ಟ ಹಸಿರು ತುಂಡುಗಳಿವು. ಭಾರತದ ಮೊದಲ ಅರಣ್ಯ ಮಹಾನಿರೀಕ್ಷಕ ಡೀಟ್ರಿಚ್ ಬ್ರಾಂಡಿಸ್ ಮತ್ತು ಗ್ರಾಂಟ್ 1868ರಲ್ಲಿ ಸೊರಬದ ಕಾನುಗಳ ಬಗ್ಗೆ ಸಲ್ಲಿಸಿದ ವರದಿ ಇಂಥ 171 ಕಾನುಗಳನ್ನು ಲೆಕ್ಕ ಹಾಕಿತ್ತು. ಅವುಗಳ ಒಟ್ಟು ವಿಸ್ತಾರ ಸುಮಾರು 13 ಸಾವಿರ ಹೆಕ್ಟೇರು. ಆ ಕಾಲದಲ್ಲಿ ಕಾನಿನ ಮುಖ್ಯ ಉತ್ಪನ್ನ ಕಾಳುಮೆಣಸು. ಉಳವಿಯು ಈ ತಾಲ್ಲೂಕಿನ ಹೋಬಳಿ ಕೇಂದ್ರಗಳಲ್ಲಿ ಒಂದು. ಚನ್ನಬಸವಣ್ಣನವರ ಸಮಾಧಿಯಿರುವ ಉತ್ತರ ಕನ್ನಡದ ಉಳವಿ ಬೇರೆ; ಹೆಸರಿನ ಸಾಮ್ಯದಿಂದ ಎರಡನ್ನೂ ಒಂದೆಂದು ಭಾವಿಸುವವರಿದ್ದಾರೆ. ಸೊರಬದಿಂದ ಪೂರ್ವಕ್ಕೆ, ಶಿಕಾರಿಪುರದ ಕಡೆಗೆ ಸಾಗಿದಂತೆ ಮಳೆ ಕಡಿಮೆಯಾಗಿ ಉಪ್ಪಾಗೆ ಮರೆಯಾಗುತ್ತದೆ. ಬೇವು, ಹುಣಿಸೆಗಳು ಕಾಣತೊಡಗುತ್ತವೆ.

ಮೈಸೂರಿನಲ್ಲಿ ಆಮ್ಲದ ಗುರುತು

ಉಪ್ಪಾಗೆಯ ಹುಳಿ ಯಾವ ಆಮ್ಲದ್ದು ಎಂಬ ಬಗ್ಗೆ ಇಪ್ಪತ್ತನೆಯ ಶತಮಾನದ ಮಧ್ಯದವರೆಗೂ ತಪ್ಪು ತಿಳಿವಳಿಕೆಯಿತ್ತು. ಹುಣಿಸೆಯಲ್ಲಿರುವ ಟಾರ್ಟಾರಿಕ್ ಆಮ್ಲ, ನಿಂಬೆಯಲ್ಲಿರುವ ಸಿಟ್ರಿಕ್ ಆಮ್ಲ ಇವೇ ಇದರಲ್ಲಿಯೂ ಇವೆಯೆಂದು ಹಿಂದಿನ ವರದಿಗಳು ಹೇಳಿದ್ದವು. ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆಯ ವೈ. ಎಸ್. ಲೂಯಿಸ್ ಮತ್ತು ಎಸ್. ನೀಲಕಂಠನ್ 1965ರಲ್ಲಿ ‘ಫೈಟೊಕೆಮಿಸ್ಟ್ರಿ’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧ ಈ ಗೊಂದಲವನ್ನು ನಿವಾರಿಸಿತು. ಹಣ್ಣಿನ ಮುಖ್ಯ ಆಮ್ಲ ಹೈಡ್ರಾಕ್ಸಿಸಿಟ್ರಿಕ್ ಆಮ್ಲದ ಒಂದು ನಿರ್ದಿಷ್ಟ ರೂಪವೆಂದು ಅವರು ತೋರಿಸಿಕೊಟ್ಟರು.

ಸಿಟ್ರಿಕ್ ಆಮ್ಲದ ಅಣುವಿಗೆ ಇನ್ನೊಂದು ಹೈಡ್ರಾಕ್ಸಿಲ್ ಗುಂಪು ಸೇರಿದರೆ ಹೈಡ್ರಾಕ್ಸಿಸಿಟ್ರಿಕ್ ಆಮ್ಲವಾಗುತ್ತದೆ. ಪರಮಾಣುಗಳು ಅವೇ ಆದರೂ ಅವು ಜೋಡಣೆಯಾಗುವ ದಿಕ್ಕಿಗನುಸಾರವಾಗಿ ಈ ಅಣುವಿಗೆ ನಾಲ್ಕು ರೂಪಗಳಿರಬಲ್ಲವು. ಎಡಗೈ ಬಲಗೈಗಳಂತೆ ಒಂದು ಮತ್ತೊಂದರ ಮೇಲೆ ಹೊಂದಿ ಕೂರುವುದಿಲ್ಲ. ಉಪ್ಪಾಗೆಯಲ್ಲಿರುವುದು ಅವುಗಳಲ್ಲಿ ಒಂದು. ಕೆಂಪು ಪುಂಡಿಯ ಜಾತಿಯ ಗಿಡದಲ್ಲಿರುವುದು ಇನ್ನೊಂದು. ನಾಲಗೆಗೆ ಎರಡೂ ಹುಳಿಯೇ. ಆದರೆ ಮುಂದೆ ಪೇಟೆಂಟಿನ ವಿಷಯವಾದ ಗುಣ ಉಪ್ಪಾಗೆಯ ರೂಪಕ್ಕೆ ವಿಶೇಷವಾದದ್ದು. ಒಣಸಿಪ್ಪೆಯ ತೂಕದಲ್ಲಿ ಈ ಆಮ್ಲದ ಪ್ರಮಾಣ ಸುಮಾರು ಶೇಕಡ 10ರಿಂದ 30. ಒಂದು ಹಣ್ಣಿನ ಸಿಪ್ಪೆಗೆ ಇದು ಅಸಾಧಾರಣ ಪ್ರಮಾಣವೇ ಸರಿ.

ಪೇಟೆಂಟ್ ಕಾನೂನಿನ ದೃಷ್ಟಿಯಿಂದ ಈ ಪ್ರಬಂಧದ ಮಹತ್ವ ಇನ್ನೊಂದು ಬಗೆಯದು. ಪೇಟೆಂಟಿಗೆ ಮೂರು ಅರ್ಹತೆಗಳು ಬೇಕು: ವಸ್ತು ಅಥವಾ ವಿಧಾನ ಹೊಸದಾಗಿರಬೇಕು, ಆ ವಿಷಯದಲ್ಲಿ ಪಳಗಿದವರಿಗೆ ತಾನಾಗಿ ಹೊಳೆಯುವಂಥದ್ದಾಗಿರಬಾರದು, ಕೈಗಾರಿಕೆಯಲ್ಲಿ ಉಪಯೋಗಕ್ಕೆ ಬರುವಂತಿರಬೇಕು. ಅಚ್ಚಾಗಿ ಪ್ರಕಟವಾದದ್ದು ಮತ್ತೆ ಹೊಸದಾಗುವುದಿಲ್ಲ. ಮೈಸೂರಿನ ಸಂಶೋಧಕರು ಸಿಪ್ಪೆಯಲ್ಲಿನ ಆಮ್ಲವನ್ನು 1965ರಲ್ಲೇ ಎಲ್ಲರೂ ಓದುವಂತೆ ಪ್ರಕಟಿಸಿದ್ದರಿಂದ, ಉಪ್ಪಾಗೆಯ ಆಮ್ಲ ತನ್ನದೇ ಹೊಸ ವಸ್ತುವೆಂದು ಹೇಳಿಕೊಳ್ಳುವ ದಾರಿ ಮುಂದಿನವರಿಗೆ ಮುಚ್ಚಿತು. ಉಳಿದದ್ದು ಬಳಕೆ, ಲವಣ ಮತ್ತು ತಯಾರಿಕಾ ವಿಧಾನಗಳು ಮಾತ್ರ. ಮುಂದಿನ ಮೂವತ್ತು ವರ್ಷಗಳ ಪೇಟೆಂಟುಗಳೆಲ್ಲ ಈ ಮೂರರ ಸುತ್ತಲೇ ನಡೆದವು.

ಬಳಕೆಯ ಪೇಟೆಂಟ್

ಅಮೆರಿಕದ ಬ್ರಾಂಡೈಸ್ ವಿಶ್ವವಿದ್ಯಾಲಯದ ಜಾನ್ ಲೋವೆನ್‌ಸ್ಟೈನ್ ಮತ್ತು ಸಹೋದ್ಯೋಗಿಗಳು 1969ರಲ್ಲಿ ಈ ಆಮ್ಲಕ್ಕೆ ಒಂದು ಕಿಣ್ವವನ್ನು ತಡೆಯುವ ಶಕ್ತಿಯಿದೆಯೆಂದು ಪ್ರಕಟಿಸಿದರು. ದೇಹದಲ್ಲಿ ಹಿಟ್ಟು, ಸಕ್ಕರೆಗಳು ಅಗತ್ಯಕ್ಕಿಂತ ಹೆಚ್ಚಾದಾಗ ಜೀವಕೋಶವು ಅವನ್ನು ಸಿಟ್ರೇಟ್ ರೂಪಕ್ಕೆ ತಂದು ಮೈಟೊಕಾಂಡ್ರಿಯದಿಂದ ಹೊರಗೆ ಕಳಿಸುತ್ತದೆ. ಹೊರಗೆ ಎಟಿಪಿ ಸಿಟ್ರೇಟ್ ಲಯೇಸ್ ಎಂಬ ಕಿಣ್ವ ಆ ಸಿಟ್ರೇಟನ್ನು ಒಡೆದು, ಕೊಬ್ಬು ಕಟ್ಟಲು ಬೇಕಾದ ಕಚ್ಚಾವಸ್ತುವನ್ನು ಒದಗಿಸುತ್ತದೆ. ಉಪ್ಪಾಗೆಯ ಆಮ್ಲ ಸಿಟ್ರೇಟನ್ನು ಹೋಲುವುದರಿಂದ ಕಿಣ್ವದ ಜಾಗವನ್ನು ಅದು ಆಕ್ರಮಿಸಿಕೊಳ್ಳುತ್ತದೆ, ಆದರೆ ಒಡೆಯುವುದಿಲ್ಲ. ಬೀಗದೊಳಗೆ ಹೊಕ್ಕು ತಿರುಗದೆ ನಿಂತ ಕೀಲಿಕೈಯಂತೆ.

ಇದರ ಆಧಾರದ ಮೇಲೆ ಲೋವೆನ್‌ಸ್ಟೈನ್ ಅವರಿಗೆ 1973ರಲ್ಲಿ ಸ್ಥೂಲಕಾಯದ ಚಿಕಿತ್ಸಾ ವಿಧಾನಕ್ಕಾಗಿ ಅಮೆರಿಕದ ಪೇಟೆಂಟ್ ಸಂಖ್ಯೆ 3,764,692 ಮಂಜೂರಾಯಿತು. ಅದೇ ದಶಕದಲ್ಲಿ ಹಾಫ್‌ಮನ್-ಲಾ ರೋಷ್ ಕಂಪನಿಯ ಸಂಶೋಧಕರು ಇಲಿಗಳ ಮೇಲೆ ಪ್ರಯೋಗ ನಡೆಸಿ, ಆಮ್ಲ ನೀಡಿದ ಇಲಿಗಳು ಕಡಿಮೆ ತಿಂದು ಕಡಿಮೆ ಕೊಬ್ಬು ಕಟ್ಟಿದವೆಂದು ವರದಿ ಮಾಡಿದರು. ಆದರೂ ಇದು ಔಷಧವಾಗಿ ಮಾರುಕಟ್ಟೆಗೆ ಬರಲಿಲ್ಲ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಮಲೆನಾಡಿನವರು ಉಪ್ಪಾಗೆಯನ್ನು ಬಲ್ಲದ್ದು ಹುಳಿಗೆ, ತುಪ್ಪಕ್ಕೆ, ಅಜೀರ್ಣದಂಥ ಸಣ್ಣಪುಟ್ಟ ಮನೆಮದ್ದಿಗೆ. ಮೈ ಕರಗಿಸಲು ಅದನ್ನು ತಿನ್ನುವ ರೂಢಿ ಇಲ್ಲಿ ಇರಲಿಲ್ಲ. ಗದ್ದೆ ತೋಟಗಳಲ್ಲಿ ದುಡಿಯುವವರಿಗೆ ಅದರ ಅಗತ್ಯವೂ ಇರಲಿಲ್ಲ. ಆದ್ದರಿಂದ ಬೇವು, ಅರಿಶಿನಗಳ ವಿಷಯದಲ್ಲಿ ಹೇಳುವಂತೆ ಇಲ್ಲಿ ಜನರ ತಿಳಿವಳಿಕೆ ಕಳುವಾಯಿತೆಂದು ಹೇಳುವುದು ಸರಿಯಲ್ಲ. ಪ್ರಶ್ನೆ ಇರುವುದು ಹಣ್ಣಿನ ಬೆಲೆಯಲ್ಲಿ ಮತ್ತು ಕಾಡಿನ ಪಾಲಿನಲ್ಲಿ.

ಲವಣಗಳ ಪೇಟೆಂಟುಗಳು

ಅಂದಿನ ಅಮೆರಿಕದ ಕಾನೂನಿನಂತೆ ಪೇಟೆಂಟಿನ ಅವಧಿ ಮಂಜೂರಾದ ದಿನದಿಂದ 17 ವರ್ಷ. 1973ರ ಹಕ್ಕು 1990ಕ್ಕೆ ಮುಗಿಯಿತು. ಆಮ್ಲವನ್ನು ತೂಕ ಇಳಿಸಲು ಬಳಸುವ ಮೂಲ ಆಲೋಚನೆ ಎಲ್ಲರದಾಯಿತು. 1994ರಲ್ಲಿ ಅಮೆರಿಕ ಆಹಾರಪೂರಕಗಳ ಕಾಯಿದೆಯನ್ನು ಜಾರಿಗೆ ತಂದಿತು. ಔಷಧಕ್ಕೆ ಬೇಕಾದ ಪರೀಕ್ಷೆಗಳಿಲ್ಲದೆ ಸಸ್ಯಸಾರಗಳನ್ನು ಗುಳಿಗೆಯಾಗಿ ಮಾರುವುದು ಇದರಿಂದ ಸುಲಭವಾಯಿತು. ಈ ಎರಡು ಘಟನೆಗಳನ್ನು ಜೊತೆಗಿಟ್ಟು ನೋಡಿದರೆ 1990ರ ದಶಕದಲ್ಲಿ ಉಪ್ಪಾಗೆಗೆ ಬೇಡಿಕೆ ಏರಿದ್ದರ ಕಾರಣ ತಿಳಿಯುತ್ತದೆ.

ಸಾರ ತಯಾರಿಕೆಯಲ್ಲಿ ಒಂದು ರಾಸಾಯನಿಕ ತೊಡಕಿತ್ತು. ಈ ಆಮ್ಲ ಬಿಡಿಯಾಗಿದ್ದರೆ ತನ್ನೊಳಗೇ ಬಳೆಯಂತೆ ಬಾಗಿ ಲ್ಯಾಕ್ಟೋನ್ ಆಗುತ್ತದೆ, ಆಗ ಅದರ ಪರಿಣಾಮ ಕುಗ್ಗುತ್ತದೆ. ತಡೆಯಲು ಅದನ್ನು ಲವಣವಾಗಿ ಪರಿವರ್ತಿಸಬೇಕು. ಕ್ಯಾಲ್ಸಿಯಂ ಲವಣ ಗಟ್ಟಿಯಾಗಿ ನಿಲ್ಲುತ್ತದೆ, ಆದರೆ ನೀರಿನಲ್ಲಿ ಸರಿಯಾಗಿ ಕರಗದು. ಪೊಟ್ಯಾಸಿಯಂ ಲವಣ ಚೆನ್ನಾಗಿ ಕರಗುತ್ತದೆ, ಆದರೆ ಗಾಳಿಯ ತೇವವನ್ನು ಹೀರಿ ಜಿಗುಟಾಗುತ್ತದೆ. ಗುಳಿಗೆ, ಪಾನೀಯಗಳನ್ನು ತಯಾರಿಸುವವರಿಗೆ ಎರಡೂ ಅನಾನುಕೂಲವೇ. 1990ರ ದಶಕದ ಪೇಟೆಂಟುಗಳ ತಿರುಳು ಈ ತೊಡಕಿಗೆ ಕಂಡುಕೊಂಡ ಪರಿಹಾರಗಳು.

ಪೊಟ್ಯಾಸಿಯಂ ಲವಣವನ್ನು ಹಸಿವು ತಗ್ಗಿಸಲು ಬಳಸುವ ಬಗ್ಗೆ ಮುಹಮ್ಮದ್ ಮಜೀದ್ ಮತ್ತು ಜೊತೆಗಾರರಿಗೆ 1998ರಲ್ಲಿ ಅಮೆರಿಕದ ಪೇಟೆಂಟ್ 5,783,603 ದೊರೆಯಿತು. ಕೇರಳದ ಕೊಲ್ಲಂ ಮೂಲದ ಮಜೀದ್ ಅಮೆರಿಕದಲ್ಲಿ ಸಬಿನ್ಸಾ ಕಂಪನಿಯನ್ನೂ ಬೆಂಗಳೂರಿನಲ್ಲಿ ಸಾಮಿ ಲ್ಯಾಬ್ಸ್ ಕಂಪನಿಯನ್ನೂ ಕಟ್ಟಿದವರು. ಬೆಂಗಳೂರಿನ ವಿಠ್ಠಲ್ ಮಲ್ಯ ವೈಜ್ಞಾನಿಕ ಸಂಶೋಧನಾ ಪ್ರತಿಷ್ಠಾನ ಬೇರೊಂದು ದಾರಿ ಹಿಡಿಯಿತು. ಒಂದೇ ಅಣುವಿನಲ್ಲಿ ಎರಡು ಲೋಹಗಳನ್ನು ಸೇರಿಸಿ, ನೀರಿನಲ್ಲಿ ಕರಗುವ, ತೇವ ಹೀರದ ಜೋಡಿ ಲವಣವನ್ನು ಅದು ರೂಪಿಸಿತು. ಇದಕ್ಕೆ 2000ದಲ್ಲಿ ಅಮೆರಿಕದ ಪೇಟೆಂಟ್ 6,160,172 ಮಂಜೂರಾಯಿತು. ಹೀಗೆ ಮಲೆನಾಡಿನ ಹಣ್ಣಿನ ಪೇಟೆಂಟುಗಳು ವಿದೇಶಿಯರವು ಮಾತ್ರವಲ್ಲ; ಬೆಂಗಳೂರಿನವೂ ಇವೆ. ಇದನ್ನು ಮರೆತು ‘ವಿದೇಶಿ ಕಂಪನಿಗಳು’ ಎಂದಷ್ಟೇ ಬರೆಯುವ ಲೇಖನಗಳು ಅರ್ಧ ಸತ್ಯವನ್ನಷ್ಟೇ ಹೇಳುತ್ತವೆ.

ಬೇಡಿಕೆ ಮತ್ತು ಕಾಡು

ಉಪ್ಪಾಗೆಯ ಬೇಡಿಕೆ ಏರಿದಾಗ ಶಿರಸಿ, ಸಿದ್ದಾಪುರ, ಸಾಗರ, ಸೊರಬಗಳ ಸುತ್ತಿನ ಕಾಡುಗಳಲ್ಲಿ ಅದರ ಪರಿಣಾಮ ಕಾಣಿಸಿತು. ಸರ್ಕಾರಿ ಕಾಡಿನ ಕಿರು ಉತ್ಪನ್ನಗಳನ್ನು ಸಂಗ್ರಹಿಸುವ ಹಕ್ಕನ್ನು ಅರಣ್ಯ ಇಲಾಖೆ ಟೆಂಡರು ಕರೆದು ಗುತ್ತಿಗೆದಾರರಿಗೆ ಕೊಡುವ ಪದ್ಧತಿಯಿತ್ತು. ಹಣ್ಣು ಆರಿಸುವವರು ಹಳ್ಳಿಯವರು, ಬೆಲೆ ನಿರ್ಧರಿಸುವವರು ಗುತ್ತಿಗೆದಾರರು. ಸಿಪ್ಪೆ ಹಲವು ಕೈ ದಾಟಿ ಸಾರ ತೆಗೆಯುವ ಕಾರ್ಖಾನೆ ಸೇರುತ್ತಿತ್ತು. ಅಡಿಕೆ ತೋಟಕ್ಕೆ ಸೇರಿದ ಸೊಪ್ಪಿನ ಬೆಟ್ಟಗಳಲ್ಲಿ ಮಾತ್ರ ತೋಟದವರಿಗೆ ತಮ್ಮ ಮರವೆಂಬ ಕಾಳಜಿ ಉಳಿದಿತ್ತು.

ಯಾರಿಗೂ ಸೇರದ ಮರದ ಹಣ್ಣನ್ನು ಮೊದಲು ಹೋದವರು ಕೊಯ್ಯುತ್ತಾರೆ. ಮಾಗಿ ಉದುರುವವರೆಗೆ ಕಾದರೆ ಬೇರೊಬ್ಬರ ಪಾಲಾಗುವ ಭಯದಿಂದ ಕಾಯಿ ಇರುವಾಗಲೇ ಬಡಿದು ಕೆಡಹುವುದು, ಕೊಂಬೆ ಕಡಿದು ಬಿಡಿಸುವುದು ನಡೆಯಿತು. ಕೊಂಬೆ ಕಡಿದ ಮರ ಮುಂದಿನ ವರ್ಷ ಫಲ ಕೊಡದು. ಪಶ್ಚಿಮಘಟ್ಟದ ಉಪ್ಪಾಗೆ ಸಂಗ್ರಹವನ್ನು ವರ್ಷಗಳ ಕಾಲ ಅಧ್ಯಯನ ಮಾಡಿದ ನಿತಿನ್ ರೈ ಅವರ ಸಂಶೋಧನೆ ಮಾರುಕಟ್ಟೆಯ ಏರಿಳಿತವನ್ನೂ, ಹಕ್ಕಿನ ಅಭದ್ರತೆಯಿಂದ ಸಂಗ್ರಹದ ರೀತಿ ಬದಲಾದದ್ದನ್ನೂ ಚರ್ಚಿಸಿದೆ. ಹಣ್ಣಿನ ತಿರುಳಿಗಾಗಿ ಬಂದು ಬೀಜ ಹರಡುವ ಮಂಗ, ಪುನುಗು ಬೆಕ್ಕುಗಳ ಪಾಲೂ ಇದರಲ್ಲಿದೆ.

ಒಣಗಿಸುವ ಸೌದೆಯ ಲೆಕ್ಕ ಇನ್ನೂ ಕಠಿಣ. ಮಳೆಗಾಲದಲ್ಲಿ ರಾತ್ರಿ ಹಗಲು ಬೆಂಕಿ ಉರಿಸಿದರೆ ಮಾತ್ರ ಸಿಪ್ಪೆ ಒಣಗುತ್ತದೆ, ಅದಕ್ಕೆ ಬೇಕಾದ ಸೌದೆ ಬರುವುದೂ ಅದೇ ಕಾಡಿನಿಂದ. ಕಡಿಮೆ ಸೌದೆಯಲ್ಲಿ ಒಣಗಿಸುವ ಸುಧಾರಿತ ಒಲೆಗಳನ್ನು ಉತ್ತರ ಕನ್ನಡದಲ್ಲಿ ಪರಿಚಯಿಸಿದ್ದು ಇದೇ ಕಾರಣಕ್ಕೆ. ವಿದೇಶದ ಅಂಗಡಿಯಲ್ಲಿ ‘ನೈಸರ್ಗಿಕ’ ಎಂಬ ಹೆಸರು ಹೊತ್ತ ಡಬ್ಬಿಯ ಹಿಂದೆ ಸುಟ್ಟ ಮರದ ಲೆಕ್ಕ ಎಲ್ಲಿಯೂ ನಮೂದಾಗುವುದಿಲ್ಲ.

ಪರಿಣಾಮ ಮತ್ತು ಸುರಕ್ಷತೆ

ಪೇಟೆಂಟ್ ದೊರೆತ ಮಾತ್ರಕ್ಕೆ ಔಷಧ ಗುಣ ಕೊಡುತ್ತದೆಯೆಂದು ಸಾಬೀತಾಗುವುದಿಲ್ಲ. ಪೇಟೆಂಟ್ ಕಚೇರಿ ಪರೀಕ್ಷಿಸುವುದು ಹೊಸತನವನ್ನು, ರೋಗಿಗೆ ಒಳಿತಾಗುವುದನ್ನಲ್ಲ. ಈ ವ್ಯತ್ಯಾಸವನ್ನು ಜಾಹೀರಾತುಗಳು ಬೇಕೆಂದೇ ಮರೆಸುತ್ತವೆ.

ಸ್ಟೀವನ್ ಹೇಮ್ಸ್‌ಫೀಲ್ಡ್ ಮತ್ತು ತಂಡ 1998ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 135 ಮಂದಿ ಇದ್ದರು. ಒಂದು ಗುಂಪಿಗೆ ದಿನಕ್ಕೆ 1500 ಮಿಲಿಗ್ರಾಂ ಹೈಡ್ರಾಕ್ಸಿಸಿಟ್ರಿಕ್ ಆಮ್ಲ, ಇನ್ನೊಂದಕ್ಕೆ ಹುಸಿಗುಳಿಗೆ. 12 ವಾರಗಳ ನಂತರ ಸಾರ ತಿಂದವರ ತೂಕ ಸರಾಸರಿ 3.2 ಕಿಲೊ, ಹುಸಿಗುಳಿಗೆ ತಿಂದವರದು 4.1 ಕಿಲೊ ಇಳಿದಿತ್ತು. ಅಂದರೆ ತೂಕ ಇಳಿದದ್ದು ಎಲ್ಲರೂ ಪಾಲಿಸಿದ ಪಥ್ಯದಿಂದ. ಜೋಡಿ ಲವಣ ಬಳಸಿದ, ಆಂಧ್ರಪ್ರದೇಶದಲ್ಲಿ 60 ಮಂದಿಯ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನ ಅನುಕೂಲಕರ ಫಲಿತಾಂಶ ನೀಡಿತು. ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ 2011ರಲ್ಲಿ ಮಾಡಿದ ವಿಶ್ಲೇಷಣೆ ಕಂಡ ವ್ಯತ್ಯಾಸ ಒಂದು ಕಿಲೊಗಿಂತ ಕಡಿಮೆ. ಇಲಿಯ ಯಕೃತ್ತಿನಲ್ಲಿ ನಡೆದದ್ದು ಮನುಷ್ಯನಲ್ಲಿ ಅದೇ ಮಟ್ಟದಲ್ಲಿ ನಡೆಯಲಿಲ್ಲ.

ಸುರಕ್ಷತೆಯ ಪ್ರಶ್ನೆಯೂ ಎದ್ದಿತು. ತೂಕ ಇಳಿಸುವ ಒಂದು ಪ್ರಸಿದ್ಧ ಆಹಾರಪೂರಕವನ್ನು ಬಳಸದಂತೆ 2009ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಎಚ್ಚರಿಸಿತು. ಯಕೃತ್ತಿನ ಹಾನಿಯ ವರದಿಗಳು ಬಂದಿದ್ದವು. ಅದರ ಕೆಲವು ಮಿಶ್ರಣಗಳಲ್ಲಿ ಈ ಸಾರವೂ ಸೇರಿತ್ತಾದರೂ ಹಲವು ವಸ್ತುಗಳ ಮಿಶ್ರಣದಲ್ಲಿ ತಪ್ಪು ಯಾವುದರದೆಂದು ಹೇಳುವುದು ಸುಲಭವಲ್ಲ. 2022ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಕೆಲವರಲ್ಲಿ ಈ ಸಾರದಿಂದ ಯಕೃತ್ತಿಗೆ ಪೆಟ್ಟು ಬಿದ್ದದ್ದನ್ನು ದಾಖಲಿಸಿ, ಅಂಥವರಲ್ಲಿ ಒಂದು ನಿರ್ದಿಷ್ಟ ಆನುವಂಶಿಕ ಗುರುತು ಹೆಚ್ಚಾಗಿ ಕಂಡುಬಂದದ್ದನ್ನು ತಿಳಿಸಿತು. ಸಾರಿನಲ್ಲಿ ಹಾಕುವ ಎರಡು ಎಸಳು ಸಿಪ್ಪೆಗೂ ದಿನವೂ ನುಂಗುವ ಸಾಂದ್ರ ಸಾರಕ್ಕೂ ಹೋಲಿಕೆಯಿಲ್ಲ ಎಂಬುದನ್ನು ಇಲ್ಲಿ ನೆನಪಿಡಬೇಕು.

ಕಾಳುಮೆಣಸು, ಬೇವು ಮತ್ತು ಅರಿಶಿನ

ಕಾನಿನ ಇನ್ನೊಂದು ಉತ್ಪನ್ನವಾದ ಕಾಳುಮೆಣಸಿನ ಕಥೆ ಉಪ್ಪಾಗೆಯದಕ್ಕಿಂತ ಭಿನ್ನ. ಮೆಣಸಿನ ಖಾರಕ್ಕೆ ಕಾರಣವಾದ ಪೈಪರಿನ್ ವಸ್ತುವನ್ನು ಡೆನ್ಮಾರ್ಕಿನ ಅರ್ಸ್ಟೆಡ್ 1819ರಲ್ಲೇ ಬೇರ್ಪಡಿಸಿದ್ದರು. ಪೋಷಕಾಂಶಗಳು ದೇಹಕ್ಕೆ ಹೆಚ್ಚು ದಕ್ಕುವಂತೆ ಪೈಪರಿನ್ ಬಳಸುವ ಬಗ್ಗೆ ಮಜೀದ್ ಮತ್ತು ಜೊತೆಗಾರರು 1996ರಲ್ಲಿ ಅಮೆರಿಕದ ಪೇಟೆಂಟ್ 5,536,506 ಪಡೆದರು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ನಡೆದು 1998ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 2 ಗ್ರಾಂ ಕರ್ಕುಮಿನ್ ಜೊತೆಗೆ 20 ಮಿಲಿಗ್ರಾಂ ಪೈಪರಿನ್ ಕೊಟ್ಟಾಗ ರಕ್ತಕ್ಕೆ ಸೇರುವ ಕರ್ಕುಮಿನ್ ಶೇಕಡ 2000ದಷ್ಟು ಹೆಚ್ಚಿತು. ಶುಂಠಿ, ಮೆಣಸು, ಹಿಪ್ಪಲಿಗಳ ತ್ರಿಕಟುವನ್ನು ಇತರ ಔಷಧಗಳೊಂದಿಗೆ ಕೊಡುವ ಆಯುರ್ವೇದದ ಪದ್ಧತಿ ಹಳೆಯದು. ಆದರೆ ಶುದ್ಧ ವಸ್ತು, ನಿಖರ ಪ್ರಮಾಣ, ಅಳೆದ ಫಲಿತಾಂಶ ಇವುಗಳನ್ನು ಬರೆದಿಟ್ಟವರಿಗೆ ಹಕ್ಕು ಸಿಕ್ಕಿತು.

ಬೇವಿನ ಪ್ರಕರಣದಲ್ಲಿ ಕರ್ನಾಟಕದ ನೇರ ಸಂಬಂಧವಿದೆ. ಅಮೆರಿಕದ ಡಬ್ಲ್ಯು. ಆರ್. ಗ್ರೇಸ್ ಕಂಪನಿ ಬೇವಿನ ಬೀಜ ಸಂಸ್ಕರಣೆಗೆ ಕೈಜೋಡಿಸಿದ್ದು ತುಮಕೂರಿನ ಕಾರ್ಖಾನೆಯೊಂದಿಗೆ. ಬೇವಿನೆಣ್ಣೆಯಿಂದ ಶಿಲೀಂಧ್ರ ತಡೆಯುವ ವಿಧಾನಕ್ಕೆ ಆ ಕಂಪನಿ ಮತ್ತು ಅಮೆರಿಕದ ಕೃಷಿ ಇಲಾಖೆಗೆ ಯುರೋಪಿನಲ್ಲಿ 1994ರಲ್ಲಿ ದೊರೆತ ಪೇಟೆಂಟನ್ನು ವಂದನಾ ಶಿವ, ಬೆಲ್ಜಿಯಂನ ಮಾಗ್ಡಾ ಆಲ್ವೂಟ್ ಮತ್ತು ಸಾವಯವ ಕೃಷಿ ಸಂಘಟನೆಗಳ ಅಂತಾರಾಷ್ಟ್ರೀಯ ಒಕ್ಕೂಟ ಪ್ರಶ್ನಿಸಿದವು. 2000ದ ಮೇ ತಿಂಗಳಲ್ಲಿ ಅದು ರದ್ದಾಯಿತು. 2005ರ ಮಾರ್ಚ್ 8ರಂದು ಮೇಲ್ಮನವಿಯೂ ಬಿದ್ದಿತು. ಗಾಯ ಮಾಯಲು ಅರಿಶಿನ ಬಳಸುವ ಬಗ್ಗೆ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ 1995ರಲ್ಲಿ ದೊರೆತ ಪೇಟೆಂಟನ್ನು ಭಾರತದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ 1997ರಲ್ಲಿ ರದ್ದು ಮಾಡಿಸಿತು.

ಅರಿಶಿನದ ವಿಷಯದಲ್ಲಿ ಗೆಲುವು ತಂದದ್ದು ಅಜ್ಜಿಯರ ಸಾಕ್ಷಿಯಲ್ಲ, 1953ರ ಭಾರತೀಯ ವೈದ್ಯಕೀಯ ಸಂಘದ ಪತ್ರಿಕೆಯ ಪ್ರಬಂಧವೂ ಸೇರಿದಂತೆ ಒದಗಿಸಿದ ಮುದ್ರಿತ ದಾಖಲೆಗಳು. ಅಂದಿನ ಅಮೆರಿಕದ ಕಾನೂನಿನಲ್ಲಿ ಹೊರದೇಶದಲ್ಲಿ ಜನ ಬಳಸುತ್ತಿದ್ದರೆ ಸಾಲದು, ಅದು ಅಚ್ಚಾಗಿರಬೇಕಿತ್ತು. 2013ರ ಮಾರ್ಚ್‌ನಿಂದ ಜಾರಿಗೆ ಬಂದ ತಿದ್ದುಪಡಿ ಈ ಭೇದವನ್ನು ತೆಗೆಯಿತು.

ಭಾರತದ ಕಾನೂನು

1970ರ ಭಾರತೀಯ ಪೇಟೆಂಟ್ ಕಾಯಿದೆ ಆಹಾರ ಮತ್ತು ಔಷಧಗಳ ತಯಾರಿಕಾ ವಿಧಾನಕ್ಕೆ ಮಾತ್ರ ಪೇಟೆಂಟ್ ಕೊಡುತ್ತಿತ್ತು, ವಸ್ತುವಿಗಲ್ಲ. 2005ರ ಜನವರಿ 1ರಿಂದ ವಸ್ತುವಿಗೂ ದೊರೆಯುವಂತಾಯಿತು. ಅದರ 3ನೆಯ ಕಲಮು ಸಸ್ಯಸಾರಗಳಿಗೆ ಮುಖ್ಯವಾದದ್ದು. ಗೊತ್ತಿರುವ ವಸ್ತುವಿನ ಹೊಸ ಬಳಕೆ ಮಾತ್ರವೇ ಆವಿಷ್ಕಾರವಲ್ಲ. ಗುಣಗಳು ಕೂಡಿದ್ದಷ್ಟೇ ಆದ ಬರಿಯ ಮಿಶ್ರಣ ಆವಿಷ್ಕಾರವಲ್ಲ. ಗಿಡವಾಗಲಿ ಅದರ ಭಾಗವಾಗಲಿ ಪೇಟೆಂಟಿಗೆ ಒಳಪಡದು. ಪಾರಂಪರಿಕ ತಿಳಿವಳಿಕೆಯೂ ಒಳಪಡದು. ಲೋವೆನ್‌ಸ್ಟೈನ್ ಅವರ 1973ರ ಹಕ್ಕಿನಂಥ ಚಿಕಿತ್ಸಾ ವಿಧಾನದ ಪೇಟೆಂಟ್ ಭಾರತದಲ್ಲಿ ಸಿಗುವಂತಿಲ್ಲ. ಅರ್ಜಿಯಲ್ಲಿ ಜೈವಿಕ ವಸ್ತುವಿನ ಮೂಲ ಮತ್ತು ಅದು ದೊರೆತ ಪ್ರದೇಶವನ್ನು ತಿಳಿಸಬೇಕು. ಮುಚ್ಚಿಟ್ಟರೆ ಅದು ವಿರೋಧಕ್ಕೆ ಆಧಾರವಾಗುತ್ತದೆ.

2002ರ ಜೈವಿಕ ವೈವಿಧ್ಯ ಕಾಯಿದೆ ಇದಕ್ಕೆ ಪೂರಕ. ಭಾರತದ ಜೈವಿಕ ಸಂಪನ್ಮೂಲವನ್ನು ಆಧರಿಸಿದ ಪೇಟೆಂಟಿಗೆ ರಾಷ್ಟ್ರೀಯ ಜೈವಿಕ ವೈವಿಧ್ಯ ಪ್ರಾಧಿಕಾರದ ಒಪ್ಪಿಗೆ ಬೇಕೆಂದು ಅದು ವಿಧಿಸಿತು. 2023ರ ತಿದ್ದುಪಡಿ ಭಾರತೀಯ ಅರ್ಜಿದಾರರಿಗೆ ಇದನ್ನು ಸಡಿಲಿಸಿ, ಪೇಟೆಂಟ್ ಮಂಜೂರಾಗುವ ಮೊದಲು ನೋಂದಣಿ, ವಾಣಿಜ್ಯ ಬಳಕೆಯ ಹಂತದಲ್ಲಿ ಒಪ್ಪಿಗೆ ಎಂದು ಮಾಡಿತು. ಲಾಭದಲ್ಲಿ ಪಾಲು ಕೊಡುವ ಹೊಣೆ ಭಾರತೀಯ ಕಂಪನಿಗಳಿಗೂ ಇದೆಯೆಂದು ಉತ್ತರಾಖಂಡ ಹೈಕೋರ್ಟು 2018ರ ಡಿಸೆಂಬರ್‌ನಲ್ಲಿ ದಿವ್ಯ ಫಾರ್ಮಸಿ ಪ್ರಕರಣದಲ್ಲಿ ತೀರ್ಪಿತ್ತಿತು. 2014ರ ಮಾರ್ಗಸೂಚಿಯಂತೆ ಆ ಪಾಲು ಕಾರ್ಖಾನೆಯ ವಾರ್ಷಿಕ ಮಾರಾಟದ ಶೇಕಡ 0.1ರಿಂದ 0.5 ಆಗಿತ್ತು. ಉಪ್ಪಾಗೆಯ ಮುಖ್ಯ ಪೇಟೆಂಟುಗಳೆಲ್ಲ ಈ ಕಾಯಿದೆಗಿಂತ ಹಿಂದಿನವು. ಆದ್ದರಿಂದ ಅವುಗಳನ್ನು ಪಡೆಯುವಾಗ ಇಂಥ ಒಪ್ಪಿಗೆಯ ಮಾತು ಬರಲಿಲ್ಲ.

2001ರಲ್ಲಿ ಆರಂಭವಾದ ಪಾರಂಪರಿಕ ಜ್ಞಾನದ ಡಿಜಿಟಲ್ ಗ್ರಂಥಾಲಯ ಆಯುರ್ವೇದ, ಯುನಾನಿ, ಸಿದ್ಧ ಗ್ರಂಥಗಳ ಪಾಠಗಳನ್ನು ಇಂಗ್ಲಿಷ್, ಫ್ರೆಂಚ್, ಜರ್ಮನ್, ಜಪಾನಿ ಮತ್ತು ಸ್ಪ್ಯಾನಿಷ್ ಭಾಷೆಗಳಲ್ಲಿ ಪೇಟೆಂಟ್ ಪರೀಕ್ಷಕರ ಮುಂದಿಟ್ಟಿದೆ. ಅದರ ಆಕರ ಗ್ರಂಥಗಳು. ಕಾನಿನಂಚಿನ ಮನೆಯಲ್ಲಿ ತುಪ್ಪ ತೆಗೆಯುವ ಬಗೆ, ನಾಟಿ ವೈದ್ಯರ ಬಾಯಿಮಾತಿನ ಮದ್ದು ಅದರಲ್ಲಿ ಸಿಗುವುದಿಲ್ಲ.

ಸ್ಥಳೀಯ ದಾಖಲೆ

ಬಾಯಿಮಾತಿನ ತಿಳಿವಳಿಕೆಯನ್ನು ಬರೆದಿಡಲು ಜೈವಿಕ ವೈವಿಧ್ಯ ಕಾಯಿದೆ ಒದಗಿಸಿದ ಸಾಧನ ಜನತಾ ಜೈವಿಕ ವೈವಿಧ್ಯ ದಾಖಲಾತಿ. ಪ್ರತಿ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಜೈವಿಕ ವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಗಿಡ, ಅದರ ಸ್ಥಳೀಯ ಹೆಸರು, ಬಳಕೆ, ಬಲ್ಲವರು ಯಾರು ಎಂಬುದನ್ನು ಸಮಿತಿ ದಾಖಲಿಸಬೇಕು. ವಾಣಿಜ್ಯಕ್ಕೆ ಸಂಗ್ರಹಿಸುವವರಿಂದ ಶುಲ್ಕ ಪಡೆಯುವ ಅಧಿಕಾರವೂ ಸಮಿತಿಗಿದೆ. ಇದರ ಬಲ ಬರೆಯುವವರ ಶ್ರದ್ಧೆಯನ್ನು ಅವಲಂಬಿಸಿದೆ. ಒಂದು ಪಂಚಾಯಿತಿಯ ಪಟ್ಟಿಯನ್ನು ಇನ್ನೊಂದಕ್ಕೆ ನಕಲು ಮಾಡಿದರೆ ಅದು ಸಾಕ್ಷಿಯಾಗಿ ನಿಲ್ಲದು.

2024ರ ಮೇ 24ರಂದು ಜಿನೀವಾದಲ್ಲಿ ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯ ಸದಸ್ಯ ರಾಷ್ಟ್ರಗಳು ಅಂಗೀಕರಿಸಿದ ಒಪ್ಪಂದವು ಪೇಟೆಂಟ್ ಅರ್ಜಿಯಲ್ಲಿ ಆನುವಂಶಿಕ ಸಂಪನ್ಮೂಲದ ಮೂಲದೇಶವನ್ನೂ, ಸಂಬಂಧಿಸಿದ ಪಾರಂಪರಿಕ ತಿಳಿವಳಿಕೆಯನ್ನು ಒದಗಿಸಿದ ಸಮುದಾಯವನ್ನೂ ತಿಳಿಸಬೇಕೆನ್ನುತ್ತದೆ.

ಇತ್ತ ಉಪ್ಪಾಗೆಯನ್ನು ಕಾಡಿನಿಂದ ತೋಟಕ್ಕೆ ತರುವ ಪ್ರಯತ್ನವೂ ನಡೆದಿದೆ. ಬೀಜದ ಸಸಿ ಫಲ ಕೊಡಲು ಹತ್ತು ವರ್ಷ ಅಥವಾ ಹೆಚ್ಚು ಕಾಯಬೇಕು, ಅದು ಗಂಡು ಮರವೂ ಆಗಿಬಿಡಬಹುದು. ಒಳ್ಳೆಯ ಹೆಣ್ಣು ಮರದ ಕುಡಿಯನ್ನು ಕಸಿ ಕಟ್ಟಿದರೆ ಕೆಲವೇ ವರ್ಷಗಳಲ್ಲಿ ಹಣ್ಣು ಬರುತ್ತದೆ. ಮರ ಕುಳ್ಳಾಗಿರುವುದರಿಂದ ಕೊಂಬೆ ಕಡಿಯದೆ ಕೈಯಿಂದಲೇ ಕೊಯ್ಯಬಹುದು. ಅಡಿಕೆ ತೋಟದ ಅಂಚಿನಲ್ಲಿ ಇಂಥ ಕಸಿ ಗಿಡಗಳನ್ನು ನೆಡುವುದು ಮಲೆನಾಡಿನ ಕೆಲವೆಡೆ ರೂಢಿಗೆ ಬರುತ್ತಿದೆ.